ದೋಣಿಯ ಮೋಟಾರು ನಮ್ಮ ಮನೆಗೆ ಬಂದ ಮಳೆಗಾಲ

ಗೇರ್ ಎಣ್ಣೆಯ ವಾಸನೆ ಮೂಗಿಗೆ ಬಿದ್ದರೆ ನನಗೆ ಇವತ್ತಿಗೂ ಹೊಟ್ಟೆಯೊಳಗೆ ಸಣ್ಣಗೆ ಉರಿಯುತ್ತದೆ. ಮೊನ್ನೆ ಲಿಂಗಸುಗೂರಿನ ಬಸ್ ನಿಲ್ದಾಣದ ಹೊರಗೆ ಒಂದು ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ಅದರಡಿ ಮಲಗಿದ್ದ ಮೇಸ್ತ್ರಿ ಒಂದು ಬೋಲ್ಟು ಬಿಚ್ಚಿದ್ದೇ ತಡ, ಹಳೆಯ ಎಣ್ಣೆ ದಪ್ಪ ಧಾರೆಯಾಗಿ ಬೋಗುಣಿಗೆ ಇಳಿಯಿತು. ಎಂಜಿನ್ ಎಣ್ಣೆಯ ವಾಸನೆ ಬೇರೆ, ಇದು ಬೇರೆ. ಕೆಟ್ಟ ಬೆಳ್ಳುಳ್ಳಿಗೆ ಗಂಧಕ ಬೆರೆಸಿದ ಹಾಗಿರುತ್ತದೆ. ಬಟ್ಟೆಗೆ ಹತ್ತಿದರೆ ಎಷ್ಟು ಒಗೆದರೂ ಹೋಗುವುದಿಲ್ಲ. ಮಸ್ಕಿಯ ಬಸ್ಸು ಬಂತು, ಜನ ನುಗ್ಗಿದರು, ಬಸ್ಸು ಹೋಯಿತು. ನಾನು ಅಲ್ಲೇ ನಿಂತಿದ್ದೆ. ಮೇಸ್ತ್ರಿ ತಲೆ ಹೊರಗೆ ಹಾಕಿ, "ಏನ್ರೀ ಅಕ್ಕಾರ, ಏನರ ಬೇಕಾಗಿತ್ತಾ?" ಎಂದ. ಏನೂ ಬೇಡ ಎಂದು ಹೇಳಿ ನೆರಳಿಗೆ ಸರಿದೆ. ಆಗ ನೆನಪಾಗಿದ್ದು, ದೋಣಿಯ ಮೋಟಾರು ನಮ್ಮ ಮನೆಗೆ ಬಂದ ಮಳೆಗಾಲ.

ನಮ್ಮ ಮನೆ ಮಸ್ಕಿಯಲ್ಲಿ, ಗುಡ್ಡದ ಬುಡಕ್ಕೆ. ಅಪ್ಪ ಸರಕಾರದ ಮೋಟಾರ್ ದೋಣಿ ನಡೆಸುತ್ತಿದ್ದ. ಕೃಷ್ಣಾ ಹೊಳೆಯ ಮೇಲೆ, ಲಿಂಗಸುಗೂರಿನ ಆಚೆ. ನಾನು ಚಿಕ್ಕವಳಿದ್ದಾಗ ಅವನು ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದ. ಬಂದ ಕೂಡಲೇ ಗೂಟಕ್ಕೆ ಹಾಕುತ್ತಿದ್ದ ಅಂಗಿಯಲ್ಲಿ ಇದೇ ವಾಸನೆ ಇರುತ್ತಿತ್ತು. ಅವನು ಜಳಕಕ್ಕೆ ಹೋದಾಗ ನಾನು ಆ ಅಂಗಿಯೊಳಗೆ ಮುಖ ಇಟ್ಟುಕೊಂಡು ನಿಲ್ಲುತ್ತಿದ್ದೆ. ನನ್ನನ್ನೂ ಹೊಳೆಗೆ ಕರೆದುಕೊಂಡು ಹೋಗು ಎಂದು ಎಷ್ಟು ಸಲ ಅತ್ತಿದ್ದೆನೋ. ಒಮ್ಮೆ ಮಾತ್ರ ಒಯ್ದ. ಅವತ್ತೂ ದೋಣಿ ಹತ್ತಿಸಲಿಲ್ಲ. "ನೀ ದಂಡಿಮ್ಯಾಲ ನಿಲ್ಲು, ಹೊಳಿ ನಿನ್ನಂಥಾಕಿ ಜಾಗ ಅಲ್ಲ" ಎಂದು ಹೇಳಿ, ಇಬ್ಬರು ಸಾಹೇಬರನ್ನು ಕೂರಿಸಿಕೊಂಡು ಹೋಗಿಬಿಟ್ಟ. ನಾನು ದಂಡೆಯ ಮೇಲೆ ಬಿಸಿಲಲ್ಲಿ ನಿಂತು ಅವನ ಬೆನ್ನು ಸಣ್ಣದಾಗುವುದನ್ನು ನೋಡಿದೆ.

ಮುಂದೆ ನಾನು ಓದಿ, ಸಿಂಧನೂರಿನ ಒಂದು ಹಲ್ಲಿನ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದೆ. ಡಾಕ್ಟರು ರೋಗಿಗಳ ಬಾಯಿಯ ಅಚ್ಚು ತೆಗೆದುಕೊಡುತ್ತಾರೆ. ನಾನು ಒಳಕೋಣೆಯಲ್ಲಿ ಕೂತು ಆ ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಮೇಣ ತಿದ್ದಿ, ಹಲ್ಲು ಜೋಡಿಸಿ ಸೆಟ್ಟು ಕಟ್ಟುತ್ತೇನೆ. ಮದುವೆಯಾಗಲಿಲ್ಲ. ಬೆಳಿಗ್ಗೆ ಮಸ್ಕಿಯಿಂದ ಬಸ್ಸು, ಸಂಜೆ ಸಿಂಧನೂರಿನಿಂದ ಬಸ್ಸು. ಅಪ್ಪ ನಿವೃತ್ತನಾಗಿ ಮನೆಗೆ ಬಂದಾಗ, ಇನ್ನಾದರೂ ಅವನು ನನ್ನವನಾಗುತ್ತಾನೆ ಎಂದು ಎಣಿಸಿದ್ದೆ. ಆದರೆ ಬಂದವನು ಮಾತು ಮರೆತವನ ಹಾಗೆ ಕಟ್ಟೆಯ ಮೇಲೆ ಕೂತುಬಿಟ್ಟ. ಕೈ ನಡುಗತೊಡಗಿತು. ಚಹದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ನಾನು ಸಿಂಧನೂರಿನಿಂದ ಮಾತ್ರೆ ತರುತ್ತಿದ್ದೆ, ಪೇಪರು ಓದಿ ಹೇಳುತ್ತಿದ್ದೆ. ಅವನು "ಹೂಂ" ಅನ್ನುತ್ತಿದ್ದ. ಅಷ್ಟೇ.

ಆಮೇಲೆ ನನ್ನ ತಮ್ಮ ಆನಂದನ ಮದುವೆಯಾಗಿ ನಾಗಮ್ಮ ಮನೆಗೆ ಬಂದಳು. ಆನಂದ ಬಸ್ಸಿನ ಕಂಡಕ್ಟರು. ವಾರದಲ್ಲಿ ಬಹಳ ದಿನ ಹೊರಗೇ ಇರುತ್ತಿದ್ದ. ನಾಗಮ್ಮನ ತವರು ಲಿಂಗಸುಗೂರು ಕಡೆಯ ಒಂದು ನಡುಗಡ್ಡೆ. ಅಲ್ಲಿಯವರು ಬರೀ 'ಗಡ್ಡಿ' ಅನ್ನುತ್ತಾರೆ. ಸುತ್ತಲೂ ಕೃಷ್ಣೆ. ಮೇಲಿನ ಡ್ಯಾಮಿನಿಂದ ನೀರು ಬಿಟ್ಟರೆ ದಾರಿ ಮುಳುಗುತ್ತದೆ, ಜನ ಒಳಗೇ ಸಿಕ್ಕಿಕೊಳ್ಳುತ್ತಾರೆ. ಹುಡುಗಿ ಕಪ್ಪಗೆ, ಗಟ್ಟಿಮುಟ್ಟಾಗಿ ಇದ್ದಳು. ಮಾತು ಕಡಿಮೆ, ಕೆಲಸ ಜಾಸ್ತಿ. ಮೊದಮೊದಲು ನನಗೆ ಅವಳ ಮೇಲೆ ಏನೂ ಇರಲಿಲ್ಲ. ಮಿರಗ ಮಳೆ ಒಂದು ಸಲ ಬಂದು ಹೋದ ಮೇಲೆ, ಹೊಲದವರೆಲ್ಲ ತೊಗರಿ ಬಿತ್ತುವ ಗಡಿಬಿಡಿಯಲ್ಲಿದ್ದಾಗ, ಅವಳ ಅಣ್ಣ ಒಂದು ಗೂಡ್ಸ್ ಆಟೋದಲ್ಲಿ ಗೋಣಿಚೀಲ ಸುತ್ತಿದ ಏನನ್ನೋ ತಂದು ನಮ್ಮ ಅಂಗಳದಲ್ಲಿ ಇಳಿಸಿದ.

ಅದು ದೋಣಿಯ ಹಿಂದೆ ಕಚ್ಚಿಸುವ ಮೋಟಾರು. ಹಳೆಯ ವಿಲಾಯತಿ ಮಾಲು, ಸರಕಾರದವರು ಹರಾಜು ಹಾಕಿದ್ದು. ಮೇಲೆ ಎಂಜಿನ್ನು, ಕೆಳಗೆ ಕೊಕ್ಕರೆ ಕಾಲಿನಂಥ ಉದ್ದ ಕಾಲು, ಕಾಲಿನ ತುದಿಗೆ ಮುಷ್ಟಿಯಷ್ಟು ಗೇರಿನ ಡಬ್ಬಿ, ಡಬ್ಬಿಯ ಹಿಂದೆ ಮೂರು ಎಲೆಯ ಕಂಚಿನ ಪಂಖ. ಒಂದು ಎಲೆಯ ತುದಿ ಮುರಿದು ಹೋಗಿತ್ತು.

"ಎಂಜಿನ್ ಚಾಲೂ ಆಗ್ತದರಿ ಮಾವಾರ, ಪಂಖ ತಿರಗವಲ್ದು. ಒಳಗ ಕಟಕಟ ಅಂತೈತಿ. ಹೋದ ವರ್ಷ ಬಂಡಿಗಲ್ಲಿಗೆ ಬಡದಿತ್ತು" ಎಂದ ನಾಗಮ್ಮನ ಅಣ್ಣ. "ಈ ಸಲ ನೀರು ಬರೂದ್ರಾಗ ಆಗಬೇಕರಿ. ಅವ್ವಗ ಸಕ್ಕರಿ ಜಡ್ಡಿನ ಇಂಜೆಕ್ಷನ್ ಐತಿ. ಹೋದ ವರ್ಷ ನಾವು ಅನುಭವಿಸಿದ್ದು ಯಾರಿಗೂ ಬ್ಯಾಡ."

ಅಪ್ಪ ಕಟ್ಟೆಯಿಂದ ಇಳಿದು ಬಂದ. ಗೋಣಿಚೀಲ ಸರಿಸಿ, ಗೇರಿನ ಡಬ್ಬಿಯ ಮೇಲೆ ಅಂಗೈ ಇಟ್ಟ. ಎಷ್ಟೋ ವರ್ಷಗಳ ಮೇಲೆ ಅವನ ಮುಖದಲ್ಲಿ ರಕ್ತ ಆಡಿದ್ದು ನನಗೆ ಕಂಡಿತು.

"ಇದು ನಾ ನಡಿಸಿದ್ದ ಮೋಟಾರು" ಎಂದ. "ಇದರ ಧ್ವನಿ ನನಗ ಗೊತ್ತೈತಿ."

ನಾನು ಮುಂದೆ ಹೋಗಿ, "ಅಪ್ಪಾ, ಬೋಲ್ಟು ಬಿಚ್ಚೂ ಪಾನಾ ತರಲೇನು?" ಎಂದೆ. ಅವನು ನನ್ನ ಕಡೆ ತಿರುಗಲೇ ಇಲ್ಲ. "ನಾಗವ್ವಾ, ಸೀಮಿಎಣ್ಣಿ ತಗೊಂಡು ಬಾ ಯವ್ವಾ" ಎಂದ. ನನ್ನನ್ನು ಹುಟ್ಟಿದಾಗಿನಿಂದ 'ಏ ಸುಜಾತಾ' ಎಂದೇ ಕರೆದವನು. ಅವಳಿಗೆ 'ಯವ್ವಾ'!

ಕೆಲಸ ಶುರುವಾಯಿತು. ಅಪ್ಪನ ಕೈ ನಡುಗುತ್ತಿದ್ದುದರಿಂದ ಅವನಿಗೊಂದು ಕೈ ಬೇಕಿತ್ತು. ಅವನು ನಾಗಮ್ಮನ ಕೈ ಆರಿಸಿಕೊಂಡ. ನಾನು ಬೆಳಗಿನ ಬಸ್ಸಿಗೆ ಹೊರಡುವಾಗ ಅವರಿಬ್ಬರೂ ಬೇವಿನ ನೆರಳಲ್ಲಿ ಕೂತಿರುತ್ತಿದ್ದರು. ಸಂಜೆ ಬಂದಾಗಲೂ ಅಲ್ಲೇ. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಕುಡಿಸಿ, ಕಾಸಿ, ತಟ್ಟಿ, ಒಂದೊಂದಾಗಿ ಬಿಡಿಸಿದರು. ಡಬ್ಬಿ ತೆರೆದ ದಿನ ರವಿವಾರ. ನಾನು ಮನೆಯಲ್ಲೇ ಇದ್ದೆ. ಒಳಗಿನಿಂದ ಎಣ್ಣೆಯ ಬದಲು ಹಾಲು ಹೆಚ್ಚಾದ ಚಹದಂಥದ್ದು ಸುರಿಯಿತು.

"ನೀರು ಹೊಕ್ಕೈತಿ" ಎಂದ ಅಪ್ಪ. "ಸೀಲು ಹೋಗ್ಯಾದ. ಎಣ್ಣಿ ಕೆಟ್ಟು, ಬೇರಿಂಗು ತುಕ್ಕು ಹಿಡದು... ನೋಡು, ಸಣ್ಣ ಗೇರಿನ ಒಂದು ಹಲ್ಲು ಹಾರ್‍ಯಾದ."

ಎಂಜಿನ್ನಿನಿಂದ ಇಳಿಯುವ ಉದ್ದ ಸಲಾಕೆಯ ತುದಿಗೆ ಒಂದು ಸಣ್ಣ ಗೇರು. ಅದು ಪಂಖದ ಕಡೆಯ ದೊಡ್ಡ ಗೇರಿಗೆ ಕಚ್ಚಿಕೊಂಡು ತಿರುಗುತ್ತದೆ. ಇದೇ ಅದರ ಜೀವ. ಅಪ್ಪ ನಾಗಮ್ಮನ ಬೆರಳು ಹಿಡಿದು ಪಂಖದ ಸಲಾಕೆಯ ಮೇಲೆ ಇಟ್ಟ. ತನ್ನ ಬೆರಳನ್ನು ಅವಳ ಬೆರಳಿನ ಮೇಲೆ ಇಟ್ಟು ಮೆಲ್ಲಗೆ ಅಲುಗಾಡಿಸಿದ. "ಹಿಂಗ ಆಡಬಾರದು. ತಿಳೀತಾ?" ಎಂದ. ಅವಳು ಕಣ್ಣು ಮುಚ್ಚಿ, "ಹೂಂನ್ರಿ, ಜರಾ ಆಡಾಕತ್ತೈತಿ" ಎಂದಳು. "ಬೇಷ್!" ಎಂದ ಅಪ್ಪ.

ನನಗೆ ರೊಟ್ಟಿ ಬಡಿಯುವುದು ಬಾಕಿ ಇತ್ತು. ಒಳಗೆ ಹೋಗಿ ಬಡಿದೆ. ಅವ್ವ ಬಂದು ನೋಡಿ, "ಅದೇನು ರೊಟ್ಟಿನ, ಯಾರದರ ಬೆನ್ನ? ಹಂಗ್ಯಾಕ ಬಡಿಯಾಕತ್ತಿ?" ಎಂದಳು.

ಆ ವರ್ಷ ನಮ್ಮ ಕಡೆ ಮಳೆಯೇ ಹಿಡಿಯಲಿಲ್ಲ. ಮೋಡ ಬರುವುದು, ಗುಡ್ಡದ ಮೇಲೆ ಒಂದು ಗಳಿಗೆ ಕೂರುವುದು, ಪಾಮನಕಲ್ಲೂರು ಕಡೆಗೆ ಎದ್ದು ಹೋಗುವುದು. ಅಲ್ಲೂ ಸುರಿಯಲಿಲ್ಲ ಎಂದು ಸಂತೆಗೆ ಬಂದವರು ಹೇಳುತ್ತಿದ್ದರು. ಬಸ್ಸಿನ ಕಿಟಕಿಯಿಂದ ನೋಡಿದರೆ ಬಳಗಾನೂರಿನ ಆಚೆ ಕಾಲುವೆಯ ಜಮೀನಿನವರು ಭತ್ತದ ಸಸಿ ಹಾಕಿಕೊಂಡು ನೀರಿನ ದಾರಿ ಕಾಯುತ್ತಿದ್ದರು. ಬಿಸಿಗಾಳಿ, ದೂಳು. ಆದರೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಮಾತೆಲ್ಲ ನೀರಿನದೇ. ಯಾವ ಬಂಡೆಯ ಹಿಂದೆ ಸುಳಿ ಇದೆ, ಯಾವ ಮಡುವಿನಲ್ಲಿ ಬಾಳೆಮೀನು ಸಿಗುತ್ತದೆ, ಹೊಳೆ ಕೆಂಪಾದಾಗ ಯಾವ ದಿಕ್ಕಿಗೆ ದೋಣಿಯ ಮೂತಿ ಇಡಬೇಕು, ಇದೇ. ಅಪ್ಪ ಒಂದು ಹೆಸರು ಹೇಳುವುದು, ನಾಗಮ್ಮ ಇನ್ನೊಂದು ಹೆಸರು ಸೇರಿಸುವುದು, ಇಬ್ಬರೂ ನಗುವುದು. ನನಗೆ ಆ ಹೊಳೆಯ ಒಂದು ಕಲ್ಲಿನ ಹೆಸರೂ ಗೊತ್ತಿರಲಿಲ್ಲ. ನನ್ನ ಅಪ್ಪ ಇಷ್ಟು ಮಾತಾಡಬಲ್ಲ ಎಂಬುದೂ ಗೊತ್ತಿರಲಿಲ್ಲ. ಒಂದು ದಿನ ಅನ್ನಕ್ಕೆ ಸಾರು ಹಾಕಿಸಿಕೊಳ್ಳುತ್ತ ಅವನು, "ನಾಗವ್ವ ನನ್ನ ಮಗಳಾಗಿ ಹುಟ್ಟಬೇಕಾಗಿತ್ತು" ಎಂದುಬಿಟ್ಟ. ಸಹಜವಾಗಿ ಅಂದ ಮಾತು. ಬಡಿಸುತ್ತಿದ್ದವಳು ನಾನು.

ಮಾರನೆಯ ದಿನ ನನಗೂ ಒಂದು ಕೆಲಸ ಸಿಕ್ಕಿತು. ಮುರಿದ ಎಲೆಯ ಪಂಖವನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟು, "ಸಿಂಧನೂರಾಗ ರೇಡಿಯೇಟರ್ ಬೆಸಿಗಿ ಹಾಕಾಂವ ಖಾಜಾಸಾಬ್ ಅದಾನ. ಎಲಿ ತುಂಬಿಸಿಕೊಂಡು ಬಾ" ಎಂದ ಅಪ್ಪ. ಸಣ್ಣ ಗೇರನ್ನೂ ಅದರ ಜೊತೆಗೇ ಇಟ್ಟ. ಅದರ ಹಲ್ಲಿನ ಜಾಗಕ್ಕೆ ವೆಲ್ಡಿಂಗಿನಿಂದ ಉಕ್ಕು ತುಂಬಿಸಬೇಕಿತ್ತು. ಬಸ್ಸಿನಲ್ಲಿ ಆ ಗಂಟನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಹೋದೆ. ಸುಳ್ಳು ಯಾಕೆ, ಹೆಮ್ಮೆಯಾಗಿತ್ತು.

ಖಾಜಾಸಾಬ್ ಮುದುಕ. ಟ್ರ್ಯಾಕ್ಟರಿನ ರೇಡಿಯೇಟರುಗಳ ನಡುವೆ ಕೂತಿದ್ದ. ಪಂಖ ತಿರುಗಿಸಿ ನೋಡಿ, "ತುಂಬಿಸಿ ಕೊಡ್ತೀನಿ ಬೇಟಿ. ಆದ್ರ ಎಲಿ ಎಷ್ಟು ತಿರುವಬೇಕು? ಎಷ್ಟು ಡೊಂಕು? ಮೂರೂ ಬರೋಬರಿ ಇರಬೇಕು, ಇಲ್ಲಂದ್ರ ದೋಣಿ ಅದರತೈತಿ" ಎಂದ. ನನಗೆ ಗೊತ್ತಾಗಲಿಲ್ಲ. ಅಪ್ಪನಿಗೆ ಫೋನ್ ಹಚ್ಚಿದೆ.

"ನಿನಗ ತಿಳಿಯೂದಿಲ್ಲ ಬಿಡು" ಎಂದ ಅಪ್ಪ. "ತಡಿ, ನಾಗವ್ವಗ ಕೊಡ್ತೀನಿ. ಅಕಿ ಖಾಜಾಸಾಬ್‌ಗೆ ಹೇಳ್ತಾಳ."

ನಾನು ಫೋನ್ ಕತ್ತರಿಸಿದೆ. ಸಿಗ್ನಲ್ ಹೋಯಿತು ಎಂದು ಆಮೇಲೆ ಹೇಳಿದೆ.

ಪಂಖ ಎತ್ತಿಕೊಂಡು ಸೀದಾ ದವಾಖಾನೆಗೆ ಹೋದೆ. ಅವತ್ತು ಡಾಕ್ಟರು ಮಧ್ಯಾಹ್ನ ಊಟಕ್ಕೆ ಹೋದ ಮೇಲೆ, ಬಾಯಿಯ ಅಚ್ಚಿಗೆ ಬಳಸುವ ಪುಡಿಯನ್ನು ಬಟ್ಟಲಲ್ಲಿ ಕಲಸಿ, ಪಂಖದ ಒಳ್ಳೆಯ ಎಲೆಯೊಂದನ್ನು ಅದರಲ್ಲಿ ಅದ್ದಿದೆ. ಅಚ್ಚು ಬಿಗಿಯಾಯಿತು. ಅದರೊಳಗೆ ಗಟ್ಟಿ ಪ್ಲಾಸ್ಟರ್ ಹುಯ್ದು ಒಣಗಿಸಿದೆ. ಸಂಜೆಗೆ ನನ್ನ ಕೈಯಲ್ಲಿ ಬಿಳಿಯ ಒಂದು ಎಲೆ ಇತ್ತು. ತಿರುವು, ಡೊಂಕು, ಅಂಚು, ಎಲ್ಲ ಅದರಲ್ಲೇ. ಖಾಜಾಸಾಬ್‌ಗೆ ಕೊಟ್ಟೆ. "ಇದಕ್ಕ ಹೊಂದಿಸಿ ಮಾಡ್ರಿ ಚಾಚಾ. ಇದರ ಮ್ಯಾಲ ಇಟ್ರ ಎಲ್ಲೂ ಬೆಳಕು ಕಾಣಬಾರದು" ಎಂದೆ. ಅವನು ಪ್ಲಾಸ್ಟರ್ ಎಲೆಯ ಮೇಲೆ ಹೆಬ್ಬೆರಳು ಆಡಿಸಿ ನನ್ನನ್ನೇ ನೋಡಿದ. "ಇದು ಯಾರು ಮಾಡಿದ್ದು?" ಎಂದ. "ನಾನ" ಎಂದೆ. ಅದೇ ಪ್ರಶ್ನೆಯನ್ನು ಅಪ್ಪನ ಬಾಯಿಂದ ಕೇಳಿಸಿಕೊಳ್ಳುವ ಆಸೆಯಲ್ಲಿ ಮೂರ್ನಾಲ್ಕು ದಿನ ಕಳೆದೆ.

ಪಂಖ ಸಿದ್ಧವಾಗಿ ಮನೆಗೆ ಬಂತು. ಅಪ್ಪ ಅದನ್ನು ಸಲಾಕೆಗೆ ಸಿಕ್ಕಿಸಿ ಬೆರಳಲ್ಲಿ ತಿರುಗಿಸಿದ. ಎಲ್ಲೂ ಜೋಲಿ ಹೊಡೆಯದೆ ತಿರುಗಿ ನಿಂತಿತು. "ಖಾಜಾಸಾಬ್ ಉಸ್ತಾದ್ ಅದಾನ" ಎಂದ.

"ಮಾವಾರ, ಅಚ್ಚು ಅಕ್ಕಾರು ಮಾಡಿ ಕೊಟ್ಟಾರಂತ" ಎಂದಳು ನಾಗಮ್ಮ. ಅವಳಿಗೆ ಹೇಗೆ ಗೊತ್ತಾಯಿತೋ. ಬಹುಶಃ ಬಟ್ಟೆಗಂಟಿನಲ್ಲಿದ್ದ ಪ್ಲಾಸ್ಟರ್ ಎಲೆ ನೋಡಿ ಅವ್ವನನ್ನು ಕೇಳಿರಬೇಕು; ಅವ್ವನಿಗೆ ಮಾತ್ರ ನಾನು ಹೇಳಿದ್ದೆ. ನನ್ನ ಪರವಾಗಿ ಅವಳು ಮಾತಾಡಿದ್ದು ನನಗೆ ಇನ್ನಷ್ಟು ಉರಿ ತಂದಿತು. ಅಪ್ಪ "ಹೌದಾ?" ಎಂದು ಒಮ್ಮೆ ನನ್ನ ಕಡೆ ನೋಡಿ, ಸಣ್ಣ ಗೇರನ್ನು ಕೈಗೆತ್ತಿಕೊಂಡ.

ಗೇರಿನ ಮುರಿದ ಹಲ್ಲಿನ ಜಾಗದಲ್ಲಿ ವೆಲ್ಡಿಂಗಿನ ಒಂದು ಗಡ್ಡೆ ಕೂತಿತ್ತು. ಅದನ್ನು ಅರದಿಂದ ಉಜ್ಜಿ ಉಜ್ಜಿ ಹಲ್ಲಿನ ಆಕಾರಕ್ಕೆ ತರಬೇಕು. ಈ ಕೆಲಸ ಆಷಾಢವೆಲ್ಲ ನಡೆಯಿತು. ನಾಗಮ್ಮ ಉಜ್ಜುವಳು, ಅಪ್ಪ ಗೇರುಗಳನ್ನು ಜೋಡಿಸಿ ಕೈಯಲ್ಲಿ ತಿರುಗಿಸುವನು. ಪ್ರತಿ ಸುತ್ತಿಗೂ ಒಂದೇ ಕಡೆ ಕಟಕ್ ಎಂದು ಹಿಡಿಯುವುದು. ಬಿಚ್ಚುವುದು, ಮತ್ತೆ ಉಜ್ಜುವುದು. ಹಲ್ಲಿಗೆ ಹಲ್ಲು ಎಲ್ಲಿ ತಾಗುತ್ತಿದೆ ಎಂದು ಕಾಣಬೇಕಲ್ಲ, ಅದಕ್ಕೆ ನಾಗಮ್ಮ ತನ್ನ ಕಾಡಿಗೆ ಡಬ್ಬಿ ತಂದು ಹಲ್ಲುಗಳಿಗೆ ಬಳಿದಳು. ಕಾಡಿಗೆ ಎಲ್ಲ ಕಡೆಗೂ ಮೆತ್ತಿಕೊಂಡಿತು, ಏನೂ ತಿಳಿಯಲಿಲ್ಲ. ಅಪ್ಪ ಬೇಸತ್ತು ಗೋಡೆಗೆ ಒರಗಿ ಕೂತ.

ನಾನು ಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತ ನೋಡುತ್ತಿದ್ದೆ. ನನಗೆ ಗೊತ್ತಿತ್ತು. ದಿನಾ ನಾನು ಮಾಡುವ ಕೆಲಸ ಅದು. ಹೊಸ ಸೆಟ್ಟು ಹಾಕಿದವರ ಬಾಯಲ್ಲಿ ಒಂದು ತೆಳು ನೀಲಿ ಕಾಗದ ಇಟ್ಟು ಕಚ್ಚಿ ಎಂದರೆ, ಎಲ್ಲಿ ಎತ್ತರವಿದೆಯೋ ಅಲ್ಲಿ ಮಾತ್ರ ನೀಲಿ ಚುಕ್ಕೆ ಬೀಳುತ್ತದೆ. ಆ ಚುಕ್ಕೆಯನ್ನಷ್ಟೇ ಉಜ್ಜಿದರೆ ಸಾಕು. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡು ಅಕ್ಕಿಯ ಕಲ್ಲು ಆರಿಸಿದೆ. ಇಬ್ಬರಿಗೂ ತಿಳಿಯದ್ದು ನನಗೆ ತಿಳಿದಿದೆ ಎಂಬುದೇ ಒಂದು ರುಚಿಯಾಗಿತ್ತು.

ಆ ರುಚಿ ಒಂದು ದಿನಕ್ಕಿಂತ ಹೆಚ್ಚು ಉಳಿಯಲಿಲ್ಲ. ಮರುದಿನ ಸಂಜೆ ಬಸ್ಸು ಇಳಿದು ಬಂದಾಗ ನಾಗಮ್ಮ ಹಿತ್ತಿಲಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಳು. "ಆಗ್ತೈತಿ ಅವ್ವಾ, ಅಂಜಬ್ಯಾಡ. ನೀರು ಬರೂದ್ರಾಗ ತಗೊಂಡು ಬರ್ತೀವಿ." ಮಹಾರಾಷ್ಟ್ರದಲ್ಲಿ ಮಳೆ ಹೊಡೆಯುತ್ತಿದೆ, ಡ್ಯಾಮು ತುಂಬುತ್ತಿದೆ ಎಂದು ಟೀವಿಯಲ್ಲಿ ಬೆಳಗಿನಿಂದ ಹೇಳುತ್ತಿದ್ದರು. ಫೋನ್ ಇಟ್ಟ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ನನ್ನನ್ನು ಕಂಡು, "ಚಹಾ ಇಡ್ಲೇನ್ರಿ ಅಕ್ಕಾರ?" ಎಂದಳು.

ಮರುದಿನ ದವಾಖಾನೆಯಿಂದ ಒಂದಿಷ್ಟು ನೀಲಿ ಕಾಗದ ತಂದೆ. ಅವಳ ಕಣ್ಣೀರು ನೋಡಿ ಕರಗಿದೆ ಎಂದು ಹೇಳಿದರೆ ಅರ್ಧ ಮಾತು. ಇನ್ನರ್ಧ, ಅವಳೆದುರಿಗೆ ಅಪ್ಪನಿಗೆ ತೋರಿಸಬೇಕಿತ್ತು.

"ಜರಾ ಆಚೆ ಸರೀರಿ" ಎಂದು ಇಬ್ಬರ ನಡುವೆ ಕೂತೆ. ಎರಡು ಗೇರುಗಳ ನಡುವೆ ಕಾಗದ ಇಟ್ಟು, ಮೆಲ್ಲಗೆ ತಿರುಗಿಸಿ, ಬಿಚ್ಚಿದೆ. ಹೊಸ ಹಲ್ಲಿನ ಪಕ್ಕೆಯಲ್ಲಿ, ಬುಡದ ಹತ್ತಿರ, ಸಾಸಿವೆ ಕಾಳಿನಷ್ಟು ನೀಲಿ ಚುಕ್ಕೆ. "ಅರ ಕೊಡು" ಎಂದೆ. ನಾಗಮ್ಮ ಕೊಟ್ಟಳು. ಚುಕ್ಕೆಯನ್ನಷ್ಟೇ ಉಜ್ಜಿದೆ. ಮತ್ತೆ ಕಾಗದ, ಮತ್ತೆ ಚುಕ್ಕೆ, ಮತ್ತೆ ಅರ. ಕತ್ತಲಾಗುವ ಹೊತ್ತಿಗೆ ನೀಲಿ ಎಲ್ಲ ಹಲ್ಲುಗಳ ಮೇಲೂ ಒಂದೇ ಸಮನೆ, ನಡುಭಾಗಕ್ಕೆ ಬೀಳತೊಡಗಿತು. ಜೋಡಿಸಿ ತಿರುಗಿಸಿದಾಗ ಕಟಕ್ ಇಲ್ಲ. ಬರೀ ಸರ್ರನೆ ಒಂದು ಮೆತ್ತನೆಯ ಸದ್ದು.

ಅಪ್ಪ ಕಿವಿ ಹಚ್ಚಿ ಕೇಳಿದ. ನಾನು ಅರ ಹಿಡಿದುಕೊಂಡೇ ಕಾದೆ.

"ಚಲೋ ಆತು" ಎಂದ. ಆಮೇಲೆ ಗೇರು ಎತ್ತಿ ಹಿಡಿದು, "ನಾಗವ್ವಾ, ನೋಡಿಲ್ಲೆ. ನೀಲಿ ಹಿಂಗ ನಡುವ ಬೀಳಬೇಕು. ಮುಂದ ನೀ ಮಾಡುವಾಗ ನೆನಪಿರ್ಲಿ" ಎಂದು ಅವಳಿಗೆ ವಿವರಿಸತೊಡಗಿದ!

ನಾನು ಎದ್ದು ಒಳಗೆ ಹೋದೆ. ಅವ್ವ ಹಿಂದೆಯೇ ಬಂದಳು. "ಅದರಾಗ ಏನೈತಿ? ಹೊಳಿಗೆ ಹೋಗಾಕಿ ಅಕಿ. ಅಕಿಗೆ ಕಲಿಸ್ತಾನ" ಎಂದಳು. ಹೊಳೆಗೆ ನಾನೂ ಹೋಗುತ್ತಿದ್ದೆ, ಕರೆದಿದ್ದರೆ. ಕೈಯಲ್ಲಿ ಗೇರ್ ಎಣ್ಣೆಯ ವಾಸನೆ ಇತ್ತು. ತೊಳೆಯದೆ ಹಾಗೇ ಮಲಗಿದೆ.

ಹೊಸ ಸೀಲು, ಹೊಸ ಬೇರಿಂಗು ಹಾಕಿ, ತಾಜಾ ಎಣ್ಣೆ ತುಂಬಿಸಿ ಡಬ್ಬಿ ಮುಚ್ಚಿದರು. ನೀರು ತುಂಬಿದ ಪೀಪಾಯಿಯಲ್ಲಿ ಕಾಲು ಮುಳುಗಿಸಿ ಮೋಟಾರು ಚಾಲೂ ಮಾಡಿದಾಗ ಅಂಗಳವೆಲ್ಲ ನೀರಾಯಿತು, ಓಣಿಯ ಜನ ಬಂದು ನಿಂತರು. ಅದಾದ ಮೇಲೆ ಹೆಚ್ಚು ಕಾಯಬೇಕಾಗಲಿಲ್ಲ. ನಮ್ಮ ಹೊಲಗಳಲ್ಲಿ ಹನಿ ಬಿದ್ದಿರಲಿಲ್ಲ. ಆದರೆ ಡ್ಯಾಮಿನ ಗೇಟು ತೆಗೆದಿದ್ದಾರೆ ಎಂದು ಸುದ್ದಿ ಬಂತು. ಬೆಳಗಾದರೆ ಗಡ್ಡಿಯ ದಾರಿ ಮುಳುಗುತ್ತದೆ. ಮರುದಿನ ನಾನು ದವಾಖಾನೆಗೆ ರಜೆ ಹೇಳಿದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ಗೂಡ್ಸ್ ಆಟೋದ ಹಿಂದೆ ಮೋಟಾರನ್ನು ಮಲಗಿಸಿ, ಅದರ ಪಕ್ಕ ನಾನು, ನಾಗಮ್ಮ, ಮುಂದೆ ಅಪ್ಪ. ಲಿಂಗಸುಗೂರಿನಲ್ಲಿ ನಿಲ್ಲಿಸಿ ಇಂಜೆಕ್ಷನ್ ಕೊಂಡು, ಐಸ್ ತುಂಬಿದ ಡಬ್ಬಿಯಲ್ಲಿ ಇಟ್ಟುಕೊಂಡೆವು.

ಆಟೋದಿಂದ ಇಳಿದು ಹೊಳೆ ನೋಡಿದೆ. ಕೆಂಪು ನೀರು ಅಗಲಕ್ಕೆ ಹರಡಿಕೊಂಡು, ಸದ್ದಿಲ್ಲದೆ, ಆದರೆ ಭಾರಿ ಅವಸರದಲ್ಲಿ ಹೋಗುತ್ತಿತ್ತು. ಮುಳ್ಳಿನ ಗಿಡಗಳು ಬೇರುಸಮೇತ ತೇಲಿ ಬರುತ್ತಿದ್ದವು. ಆಚೆ ಗಡ್ಡಿಯ ದಂಡೆಯಲ್ಲಿ ನಾಗಮ್ಮನ ಅಣ್ಣ ಟವೆಲ್ಲು ಬೀಸುತ್ತಿದ್ದ. ಈಚೆ ಅವನು ಕಟ್ಟಿಹೋಗಿದ್ದ ತಗಡಿನ ದೋಣಿಗೆ ಮೋಟಾರು ಕಚ್ಚಿಸಿ, ಎರಡು ಚೀಲ ಅಕ್ಕಿ ಹೇರಿದೆವು. ಉಳಿದದ್ದು ಇಬ್ಬರಿಗೆ ಸಾಲುವಷ್ಟು ಜಾಗ.

ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡ. "ನಾಗವ್ವಾ, ಹಗ್ಗ ನೀ ಎಳಿ. ನಾ ಮುಂದ ಕೂಡ್ರತೀನಿ. ಸುಜಾತಾ, ನೀ ದಂಡಿಮ್ಯಾಲ ನಿಲ್ಲು."

ನನ್ನೊಳಗೆ ಏನೋ ಕಿತ್ತು ಬಂತು. "ನಾ ನಿಲ್ಲೂದಿಲ್ಲ" ಎಂದೆ. ಧ್ವನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. "ಪಂಖದ ಅಚ್ಚು ತಗದಾಕಿ ನಾನು. ಹಲ್ಲು ಕೂಡಿಸಿದಾಕಿ ನಾನು. ಸಣ್ಣಾಕಿದ್ದಾಗಿಂದ ನಿಲ್ಲು ನಿಲ್ಲು ಅಂತೀದಿ. ಇವತ್ತ ನಾ ಹೋಗಾಕಿನ."

"ಹುಚ್ಚೇನ ನಿನಗ? ಈಜು ಬರತೈತಾ?"

"ನೀ ಕಲಿಸಿದ್ರ ಬರ್ತಿತ್ತು!"

ಅಪ್ಪ ಎತ್ತಿ ಕಟ್ಟಿದ್ದ ಪಂಚೆಯನ್ನು ಮತ್ತೆ ಬಿಗಿ ಮಾಡಿದ. ನಾಗಮ್ಮ ನಮ್ಮಿಬ್ಬರ ಮುಖ ನೋಡಿದಳು. ಆಮೇಲೆ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಮೆತ್ತಗೆ ಅಂದಳು: "ಮಾವಾರ, ಗೇರಿನ ಸಪ್ಪಳ ಒಳಗ ಕೂತರ ತಿಳಿಯೂದಿಲ್ಲರಿ, ಎಂಜಿನ್ ಸಪ್ಪಳದಾಗ ಮುಚ್ಚಿ ಹೋಗತೈತಿ. ದಂಡಿಮ್ಯಾಲ ನಿಂತು ಕೇಳಾಕ ನೀವ ಬೇಕು. ನಿಮ್ಮ ಕಿವಿ ಯಾರಿಗೈತಿ? ಅಕ್ಕಾರು ಬರ್ಲಿ."

ಅದು ಖರೆಯ ಮಾತು. ಅಪ್ಪನೇ ಅವಳಿಗೆ ಹೇಳಿಕೊಟ್ಟಿದ್ದು. ಅವನು ದೋಣಿಯಲ್ಲಿದ್ದ ಲಾರಿಯ ಟ್ಯೂಬುಗಳನ್ನು ಊದಿ ನಮ್ಮಿಬ್ಬರ ಕಂಕುಳಿಗೆ ಸಿಕ್ಕಿಸಿದ. ನಡುಗುವ ಕೈಯಿಂದ ನನ್ನ ಟ್ಯೂಬಿನ ಹಗ್ಗವನ್ನು ಎರಡೆರಡು ಸಲ ಜಗ್ಗಿ ನೋಡಿದ. ನಾಗಮ್ಮ ಹಗ್ಗ ಎಳೆದಳು; ಮೋಟಾರು ಕೆಮ್ಮಿ, ಮತ್ತೆ ಎಳೆದಾಗ ಹಿಡಿದುಕೊಂಡಿತು. ದಂಡೆ ನನ್ನಿಂದ ದೂರವಾಯಿತು.

ಹೋಗುವಾಗ ಏನೂ ಆಗಲಿಲ್ಲ. ನಾನು ಅಕ್ಕಿ ಚೀಲವನ್ನು ತಬ್ಬಿ ಹಿಡಿದು ಕೂತಿದ್ದೆ. ಗಡ್ಡಿಯಲ್ಲಿ ನಾಗಮ್ಮನ ಅವ್ವ ಇಂಜೆಕ್ಷನ್ ಡಬ್ಬಿ ಎದೆಗೆ ಒತ್ತಿಕೊಂಡು ನನ್ನ ಗಲ್ಲ ಮುಟ್ಟಿದಳು. "ನೀನ ಏನವ್ವಾ ಸುಜಾತಾ? ಹಲ್ಲಿನ ಕೆಲಸದಾಕಿ?" ಎಂದಳು. ನಾಗಮ್ಮ ನನ್ನ ಬಗ್ಗೆ ಫೋನಿನಲ್ಲಿ ಏನೇನು ಹೇಳಿದ್ದಳೋ. ನಾನು ಅವಳ ಬಗ್ಗೆ ಯಾರಿಗೂ ಒಂದು ಒಳ್ಳೆಯ ಮಾತು ಹೇಳಿರಲಿಲ್ಲ.

ತಿರುಗಿ ಬರುವಾಗ ನಾಗಮ್ಮ ಮೋಟಾರಿನ ಹಿಡಿಕೆ ನನ್ನ ಕಡೆ ಸರಿಸಿದಳು. "ಹಿಡೀರಿ ಅಕ್ಕಾರ. ಬಲಕ್ಕ ತಿರುವಿದ್ರ ದೋಣಿ ಎಡಕ್ಕ ಹೋಗತೈತಿ." ಹಿಡಿದೆ. ಅಂಗೈಯೊಳಗೆ ಕೆಳಗಿನ ಗೇರು ತಿರುಗುವುದು ಸಣ್ಣ ಜುಮ್ಮಾಗಿ ಬರುತ್ತಿತ್ತು. ಒಂದೇ ಸಮ. ಆ ಹಲ್ಲುಗಳು ನನ್ನವು. ನಾನು ನಕ್ಕಿರಬೇಕು, ನಾಗಮ್ಮನೂ ನಕ್ಕಳು.

ಹೊಳೆಯ ನಡುವೆ ಬಂದಾಗ ಮೋಟಾರು ನರಳಿ, ಗಕ್ಕನೆ ನಿಂತಿತು. ದೋಣಿ ಅಡ್ಡ ತಿರುಗಿ ನೀರಿನ ಜೊತೆ ಹೊರಟಿತು. ನಾಗಮ್ಮ ಮೋಟಾರಿನ ಕಾಲು ಮೇಲೆತ್ತಿದಳು. ಪಂಖಕ್ಕೆ ಯಾರದೋ ಹರಿದ ಮೀನಿನ ಬಲೆ ಸುತ್ತಿಕೊಂಡು ಉಂಡೆಯಾಗಿತ್ತು. ಮುಂದೆ, ನೀರು ಮುರಿದು ನೊರೆಯಾಗುವ ಕಡೆ, ಕರಿಯ ಬಂಡೆಯ ತಲೆ ಕಾಣುತ್ತಿತ್ತು.

"ಅಕ್ಕಾರ, ನಿಮ್ಮ ಬೆರಳು ಸಣ್ಣವು. ನೀವ ಬಿಡಸ್ರಿ. ನಾ ಹಿಡಕೊಂಡೀನಿ" ಎಂದಳು. ದೋಣಿಯಲ್ಲಿದ್ದ ಕುಡುಗೋಲು ನನ್ನ ಕೈಗೆ ಕೊಟ್ಟು, ನನ್ನ ಸೊಂಟ ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು. ನಾನು ನೀರಿನ ಮೇಲೆ ಬಾಗಿದೆ. ಬಲೆಯ ದಾರ ಪಂಖಕ್ಕೂ ಸೀಲಿಗೂ ನಡುವೆ ಹೊಕ್ಕಿತ್ತು. ಕುಡುಗೋಲು ಅಲ್ಲಿಗೆ ಹೋಗಲಿಲ್ಲ. ಮೇಲಿನದ್ದನ್ನು ಕೊಯ್ದು, ಒಳಗಿನದ್ದನ್ನು ಉಗುರಿನಿಂದ ಎಳೆಎಳೆಯಾಗಿ ಬಿಡಿಸಿದೆ. ಬೆರಳು ಕೊಯ್ದುಕೊಂಡಿತು. "ಹೊಕ್ಕಿದ್ದೆಲ್ಲ ಬರ್ಲಿ, ಅವಸರ ಬ್ಯಾಡ" ಎನ್ನುತ್ತಿದ್ದಳು ನಾಗಮ್ಮ, ಅವಳ ಉಸಿರು ಮಾತ್ರ ನನ್ನ ಬೆನ್ನಿಗೆ ಬಡಿಯುತ್ತಿತ್ತು. ಕೊನೆಯ ಎಳೆ ಬಂದಾಗ ಬಂಡೆಯ ನೊರೆಯ ಸದ್ದು ಕೇಳುವಷ್ಟು ಹತ್ತಿರವಾಗಿದ್ದೆವು. ಅವಳು ನನ್ನನ್ನು ಒಳಗೆ ಎಳೆದು ಹಾಕಿ, ಕಾಲು ಇಳಿಸಿ, ಹಗ್ಗ ಜಗ್ಗಿದಳು. ಹಿಡಿಯಿತು. ಇಬ್ಬರೂ ಸೇರಿ ಹಿಡಿಕೆ ತಿರುಗಿಸಿದೆವು. ಬಂಡೆ ನಮ್ಮ ಪಕ್ಕಕ್ಕೆ ಸರಿದು ಹಿಂದೆ ಹೋಯಿತು.

ದಂಡೆಗೆ ಬಂದಾಗ ಅಪ್ಪ ಸೊಂಟದ ಮಟ ನೀರಿನಲ್ಲಿ ನಿಂತಿದ್ದ. ದೋಣಿಯ ಅಂಚು ಹಿಡಿದು ಎಳೆದುಕೊಂಡ. ಅವನ ತುಟಿ ಒಣಗಿತ್ತು.

"ನಡುವ ಸಪ್ಪಳ ಯಾಕ ನಿಂತಿತ್ತು?"

ನಾಗಮ್ಮ ನನ್ನ ಕಡೆ ನೋಡಿದಳು.

"ಬಲಿ ಸಿಕ್ಕಿತ್ತಪಾ. ಬಿಡಿಸಿದ್ವಿ" ಎಂದೆ.

"ಯಾರು ಬಿಡಿಸಿದ್ರು?"

"ಇಬ್ರೂ."

"ಗೇರು?"

"ಏನೂ ಆಗಿಲ್ಲ. ಕೈಯಾಗ ಸಮನ ಬರಾಕತ್ತಿತ್ತು."

ಅಪ್ಪ ನನ್ನ ಕೊಯ್ದ ಬೆರಳು ನೋಡಿದ, ಅವಳ ಒದ್ದೆ ತೋಳು ನೋಡಿದ, ಹೊಳೆಯ ನಡುವಿನ ಕಡೆ ನೋಡಿದ. ಇನ್ನೂ ಏನೋ ಕೇಳಬೇಕೆಂದು ಅವನಿಗೆ ಇತ್ತು. ಬಂಡೆ ಎಷ್ಟು ಹತ್ತಿರ ಬಂದಿತ್ತು, ನೀರು ಹೇಗೆ ಎಳೆಯಿತು, ಎಲ್ಲ. ನಾವು ಹೇಳಲಿಲ್ಲ. ಅವನ ಮುಖದ ಮೇಲೆ ಬಂದು ಕೂತದ್ದು ಸಿಟ್ಟಲ್ಲ, ಅಂಜಿಕೆಯೂ ಅಲ್ಲ. ಆ ಮಳೆಗಾಲವೆಲ್ಲ ಕನ್ನಡಿಯಲ್ಲಿ ದಿನಾ ನಾನು ನೋಡುತ್ತಿದ್ದ ಮುಖ ಅದು.

"ನಾ ಇದ್ದಿದ್ರ ಬಲಿ ಸಿಗತಿದ್ದಿಲ್ಲ" ಎಂದ.

ಪಂಚೆ ಹಿಂಡಿಕೊಂಡು, ನಮಗೆ ಬೆನ್ನು ಮಾಡಿ, ಆಟೋ ನಿಂತಿದ್ದ ಕಡೆಗೆ ದಂಡೆ ಹತ್ತಿದ. ಬಲೆ ಹೊಕ್ಕಿದ್ದ ಸೀಲನ್ನು ಇನ್ನೊಮ್ಮೆ ಬಿಚ್ಚಿ ನೋಡದೆ ಮೋಟಾರನ್ನು ಗಡ್ಡಿಯವರಿಗೆ ಬಿಡುವಂತಿರಲಿಲ್ಲ. ನಾಗಮ್ಮನೂ ನಾನೂ ಮೋಟಾರಿನ ಒಂದೊಂದು ತುದಿ ಹಿಡಿದು ಅವನ ಹಿಂದೆ ನಡೆದೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ನಗು ತಡೆಯಲಾಗುತ್ತಿರಲಿಲ್ಲ.